ಎಡಗಡೆ ಸೀಟಿನ ದೀಪ

ಅಕ್ಕಿ ಚೀಲ ಹೊತ್ತುಕೊಂಡು ವಿಮಾ ಕಂಪನಿಗೆ ಬಂದ ಗಿರಾಕಿಯನ್ನು ಮಹಾನಂದಾ ಅದಕ್ಕೂ ಮೊದಲು ಕಂಡಿರಲಿಲ್ಲ. ಕೆಳಗೆ ಕಾವಲಿನವನು ತಡೆದರೂ ಕೇಳದೆ ಆತ ಲಿಫ್ಟಿನಲ್ಲಿ ಮೇಲೆ ಬಂದ. ಪ್ರಯೋಗಾಲಯದ ಗಾಜಿನ ಬಾಗಿಲನ್ನು ಬೆನ್ನಿನಿಂದ ತಳ್ಳಿ, ಒಳಗೆ ಕಣ್ಣಿಗೆ ಬಿದ್ದ ಮೊದಲ ಮೇಜಿನ ಮೇಲೆ ಚೀಲವನ್ನು ದೊಪ್ಪನೆ ಇಳಿಸಿದ. ಆ ಮೇಜು ಮಹಾನಂದಾಳದು.

"ಇದರ ಮಾರಿ ನೋಡ್ರಿ ಮೇಡಂ," ಎಂದ ಆತ, ಏದುಸಿರು ಬಿಡುತ್ತ. "ಇದಕ್ಕ ಜೀವ ಐತೇನ್ರಿ?"

ಅಣ್ಣಿಗೇರಿಯ ಕಿರಾಣಿ ಅಂಗಡಿಯವ. ಕಾರಿನ ಎಡಗಡೆ ಸೀಟಿನ ಮೇಲೆ ಅಕ್ಕಿ ಚೀಲ ಇಟ್ಟುಕೊಂಡು ಓಡಾಡುವುದು ಅವನ ರೂಢಿ. ಚೀಲಕ್ಕೆ ಬೆಲ್ಟು ಹಾಕದಿದ್ದರೆ ಕಾರು ಗಂಟೆ ಬಾರಿಸುವುದನ್ನು ನಿಲ್ಲಿಸುವುದಿಲ್ಲವೆಂದು ಬೆಲ್ಟನ್ನೂ ಹಾಕುತ್ತಿದ್ದ. ಅವನ ಕಾರಿನಲ್ಲಿದ್ದ ಪೆಟ್ಟಿಗೆ ಚೀಲವನ್ನು ಹೆಂಡತಿಯೆಂದು ತಿಳಿಯಿತೋ, ಮಾವನೆಂದು ತಿಳಿಯಿತೋ, ಅಂತೂ ಒಬ್ಬ ಪ್ರಯಾಣಿಕನೆಂದು ಬರೆದುಕೊಂಡು ವರ್ಷವಿಡೀ ವಿಮೆಯ ಕಂತು ಏರಿಸುತ್ತ ಬಂದಿತ್ತು.

ಪೆಟ್ಟಿಗೆಯ ಬಗ್ಗೆ ಸ್ವಲ್ಪ ಹೇಳಬೇಕು. ಹುಬ್ಬಳ್ಳಿಯ 'ನಿಶ್ಚಿಂತೆ' ಮೋಟಾರು ವಿಮಾ ಕಂಪನಿಯ ವಿಜ್ಞಾನಿಗಳು ವರ್ಷಗಟ್ಟಲೆ ಅಪಘಾತಗಳ ಲೆಕ್ಕ ಹಾಕಿ ಒಂದು ತೀರ್ಮಾನಕ್ಕೆ ಬಂದಿದ್ದರು. ಕಾರು ಗುದ್ದುವುದು ಬ್ರೇಕು ಕೆಟ್ಟಿದ್ದರಿಂದಲ್ಲ, ರಸ್ತೆ ಕೆಟ್ಟಿದ್ದರಿಂದಲೂ ಅಲ್ಲ. ಬಹುಪಾಲು ಓಡಿಸುವವನ ಮನಸ್ಸು ಕೆಟ್ಟಿದ್ದರಿಂದ. ಆ ಮನಸ್ಸನ್ನು ಕೆಡಿಸುವವರು ಬೇರೆಲ್ಲೂ ಇರುವುದಿಲ್ಲ, ಕಾರಿನ ಒಳಗೇ ಕೂತಿರುತ್ತಾರೆ. ಹಾಗಾದರೆ ಕಾರಿಗೆ ವಿಮೆ ಮಾಡುವ ಬದಲು ಕಾರಿನಲ್ಲಿ ಕೂತವರಿಗೆ ಬೆಲೆ ಕಟ್ಟಿದರೆ ಹೇಗೆ? ಹೀಗೆ ಹುಟ್ಟಿದ್ದು 'ಪ್ರಯಾಣಿಕರ ಭಾರ' ಎಂಬ ಹೊಸ ಲೆಕ್ಕ. ಭಾರ ಕಡಿಮೆಯಿದ್ದವರಿಗೆ ಕಂತಿನಲ್ಲಿ ರಿಯಾಯಿತಿ, ಹೆಚ್ಚಿದ್ದವರಿಗೆ ಬರೆ.

ಅದಕ್ಕಾಗಿಯೇ ಸ್ಟೇರಿಂಗಿಗೆ ಕೂದಲೆಳೆಯಂಥ ಲೋಹದ ತಂತಿ ಸುತ್ತಿದರು. ಅದು ಓಡಿಸುವವನ ಅಂಗೈಯಿಂದ ನಾಡಿಯ ಓಟ, ಬೆವರಿನ ತೇವ ಎರಡನ್ನೂ ಓದಿಕೊಳ್ಳುತ್ತಿತ್ತು. ಮುಂದಿನ ಗಾಜಿನ ಕೆಳಗೆ ಸಾಬೂನಿನ ಗಾತ್ರದ ಒಂದು ಪೆಟ್ಟಿಗೆ. ಅದರ ಮೇಲೆ ಒಂದೊಂದು ಸೀಟಿಗೆ ಒಂದೊಂದು ಪುಟ್ಟ ದೀಪ. ಸೀಟಿನ ಮೇಲೆ ತೂಕ ಬಿದ್ದರೆ ದೀಪ ಹತ್ತುತ್ತಿತ್ತು, ಅಕ್ಕಿಯ ತೂಕವಾದರೂ ಸರಿ.

ಪ್ರಯೋಗಾಲಯದ ಮುಖ್ಯಸ್ಥರಾದ ಗುತ್ತಲ ಸಾಹೇಬರು ಅಣ್ಣಿಗೇರಿಯವನಿಗೆ ಚಹಾ ಕುಡಿಸಿ ಕಳಿಸಿದರು. ಚೀಲ ವಾಪಸು ಹೋಯಿತು. ಮೇಜಿನ ಮೇಲೆ ಉದುರಿದ್ದ ಅಕ್ಕಿಕಾಳುಗಳನ್ನು ಮಹಾನಂದಾ ಬೆರಳ ತುದಿಯಿಂದ ಒಟ್ಟು ಮಾಡುತ್ತ ಕೂತಳು.

"ಸರ್, ತೂಕ ನಂಬೋದು ಬಿಡೋಣು," ಎಂದಳು. "ಬಾಜೂಕ ಕೂತಿದ್ದು ಮನುಷ್ಯನೋ ಚೀಲನೋ, ಅದು ಸೀಟಿಗೇನು ಗೊತ್ತಾಗ್ತದ? ಗಾಡಿ ಹೊಡಿಯಾವನ ನಾಡಿಗೆ ಗೊತ್ತಿರ್ತದ. ಯಾವ ಸೀಟಿನಿಂದ ಅವನ ನಾಡಿ ಅಲಗಾಡ್ತದೋ ಆ ಸೀಟಿನ ಮ್ಯಾಲೆ ಮನುಷ್ಯ ಅದಾನ. ಅಲಗಾಡಲಿಲ್ಲಂದ್ರ ಸೀಟು ಖಾಲಿ."

ಗುತ್ತಲ ಸಾಹೇಬರು ಕನ್ನಡಕ ತೆಗೆದು ಅವಳನ್ನೇ ನೋಡಿದರು. "ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದಿ ಇದನ್ನ?" ಎಂದರು. ಹೊಸ ಪದ್ಧತಿ ಮಳೆಗಾಲಕ್ಕೆ ಮೊದಲೇ ಎಲ್ಲ ಪೆಟ್ಟಿಗೆಗಳಿಗೂ ಇಳಿಯಿತು. ಸೀಟಿನಿಂದ ಒಂದು ಮಾತು ಬಂದಾಗ, ಅತ್ತ ಓಡಿಸುವವನ ಕಣ್ಣು ಹೊರಳಿದಾಗ, ಯಾರೋ ಅಲುಗಾಡಿದಾಗ, ಅದೇ ಗಳಿಗೆಯಲ್ಲಿ ನಾಡಿ ಏನು ಮಾಡಿತೆಂದು ಪೆಟ್ಟಿಗೆ ತಾಳೆ ನೋಡುತ್ತಿತ್ತು. ನಾಡಿ ಅಲುಗಾಡಿದ್ದರೆ ಮಾತ್ರ ಆ ಸೀಟಿನ ದೀಪ ಹತ್ತುತ್ತಿತ್ತು.

ಚೌತಿಯ ಹೊತ್ತಿಗೆ ಒಂದು ತಮಾಷೆಯಾಯಿತು. ಗಣಪತಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಲು ಜನ ಸಿಗದವರು ಎಡಗಡೆ ಸೀಟಿನ ಮೇಲೆ ಕೂರಿಸಿ, ಬೆಲ್ಟು ಹಾಕಿ ಮನೆಗೆ ತಂದರು. ಸೊಂಡಿಲು ಮುರಿದೀತೆಂಬ ಹೆದರಿಕೆಗೆ ಪ್ರತಿ ಗುಂಡಿಯಲ್ಲೂ ಅವರ ನಾಡಿ ಹಾರಿತು. ಊರಿನ ಪೆಟ್ಟಿಗೆಗಳೆಲ್ಲ ಗಣಪತಿಯನ್ನು ಪ್ರಯಾಣಿಕನೆಂದೇ ಬರೆದುಕೊಂಡವು. ಸಾಹೇಬರು ಹಬ್ಬದ ದಿನಕ್ಕೆ ದೇವರಿಗೆ ವಿನಾಯಿತಿ ಕೊಟ್ಟು ಸುತ್ತೋಲೆ ಹೊರಡಿಸಿದರು. ಪದ್ಧತಿಯಲ್ಲಿ ತಪ್ಪಿಲ್ಲ, ಗಣಪತಿಗೆ ಅಷ್ಟು ಯೋಗ್ಯತೆ ಇದೆ ಎಂದು ನಕ್ಕರು. ಮಹಾನಂದಾಳೂ ನಕ್ಕಳು. ಆಗಿನ್ನೂ ಎಲ್ಲರೂ ನಗುತ್ತಿದ್ದರು.

ಅವಳ ಗಂಡ ಶಿವಯೋಗಿಗೆ ದುರ್ಗದ ಬೈಲಿನ ಹತ್ತಿರ ಪಂಪ್‌ಸೆಟ್ಟಿನ ಅಂಗಡಿ. ಹೆಸರಿನಲ್ಲಷ್ಟೇ ಯೋಗಿ, ಸ್ಟೇರಿಂಗ್ ಹಿಡಿದರೆ ಬೇರೆಯೇ ಮನುಷ್ಯ. ಪಕ್ಕದಲ್ಲಿ ಮಹಾನಂದಾ ಕೂತರಂತೂ ಕೇಳುವುದೇ ಬೇಡ. ಅವಳ ಕಾಲ ಕೆಳಗೆ ಬ್ರೇಕು ಇರಲಿಲ್ಲ, ಆದರೂ ಲಾರಿ ಎದುರು ಬಂದಾಗಲೆಲ್ಲ ಅವಳು ಕಾಲು ಒತ್ತಿ ಹಿಡಿದು "ನಿಧಾನ, ನಿಧಾನ" ಎನ್ನುವಳು. "ಗಾಡಿ ನಾ ಹೊಡ್ಯಾಕತ್ತೇನೋ ನೀ ಹೊಡ್ಯಾಕತ್ತೀಯೋ?" ಎಂದು ಅವನು ರೇಗುವನು. ಜಗಳ ಸೊಪ್ಪಿನ ಮಾರ್ಕೆಟ್ಟಿನಲ್ಲಿ ಶುರುವಾದರೆ ಉಣಕಲ್ ಕೆರೆಯ ಹತ್ತಿರ ಮುಗಿಯುವುದು, ಆಮೇಲೆ ಇಬ್ಬರಿಗೂ ನಗು ಬರುವುದು. ನಕ್ಕರೂ ನಾಡಿ ಓಡುತ್ತದೆ. ಪೆಟ್ಟಿಗೆಗೆ ಸಿಟ್ಟೂ ಒಂದೇ, ನಗುವೂ ಒಂದೇ.

ಹೊಸ ಪದ್ಧತಿ ಬಂದ ಮೊದಲ ದಿನ ಅವರ ಕಾರಿನ ಎಡಗಡೆ ಸೀಟಿನ ದೀಪ ಹಳದಿಯಾಗಿ, ಕಣ್ಣು ಕುಕ್ಕುವಷ್ಟು ಉರಿದಿತ್ತು. "ನೋಡು, ನಿನ್ನ ಪ್ರತಾಪ," ಎಂದಿದ್ದ ಶಿವಯೋಗಿ. ಕಂತು ಏರಿತೆಂದು ಅವಳು ಮುಖ ಸಣ್ಣದು ಮಾಡಿಕೊಂಡಳು. ಆದರೆ ಒಳಗೊಳಗೇ ಅವಳಿಗೆ ಖುಷಿಯಾಗಿತ್ತು. ಮದುವೆಯಾಗಿ ಇಷ್ಟು ವರ್ಷವಾದರೂ ತಾನು ಪಕ್ಕದಲ್ಲಿ ಕೂತರೆ ಈ ಮನುಷ್ಯನ ಮೈಗೆ ಗೊತ್ತಾಗುತ್ತದೆ ಎಂದು ಒಂದು ಯಂತ್ರ ಸಾಕ್ಷಿ ಹೇಳುತ್ತಿತ್ತು. ಆ ಯಂತ್ರದ ಲೆಕ್ಕ ಅವಳೇ ಹಾಕಿದ್ದು, ಸುಳ್ಳಾಗುವ ಹಾಗಿರಲಿಲ್ಲ.

ಎರಡನೇ ಕಂತಿಗೆ ಆ ಖುಷಿ ದುಬಾರಿಯೆನಿಸಿತು. ಅಂಗಡಿಯ ವ್ಯಾಪಾರ ಕುಂಟುತ್ತಿತ್ತು. ವಿಮಾ ಕಂಪನಿಯಲ್ಲೇ ಕೆಲಸ ಮಾಡುವವಳ ಮನೆಗೆ ರಿಯಾಯಿತಿ ಇಲ್ಲವೆಂದರೆ ನಗೆಪಾಟಲು. ಹಾಗಾಗಿ ಇಬ್ಬರೂ ಒಂದು ಒಪ್ಪಂದ ಮಾಡಿಕೊಂಡರು: ಕಾರಿನಲ್ಲಿ ಮಾತು ಬೇಡ.

ಮಾತು ನಿಂತಿತು, ದೀಪ ನಿಲ್ಲಲಿಲ್ಲ. ಅವಳು ಕಾಲು ಒತ್ತುವುದು ಅವನಿಗೆ ಕಾಣುತ್ತಿತ್ತು. ಅದಕ್ಕೆ ಅವಳು ಕಾಲು ಮಡಚಿಕೊಂಡು ಕೂರುವುದನ್ನು ರೂಢಿ ಮಾಡಿಕೊಂಡಳು. ಆಮೇಲೆ ಮನೆಯ ಜಗಳ ಕಾರಿಗೆ ಹತ್ತಿ ಬರುತ್ತದೆಂದು ಹೊರಡುವ ಮುಂಚಿನ ಮಾತನ್ನೂ ಕಡಿಮೆ ಮಾಡಿದರು. ಯಾವಾಗ ಹೊರಡಬೇಕಾಗುತ್ತದೋ ಯಾರಿಗೆ ಗೊತ್ತು, ದಿನವಿಡೀ ಹುಷಾರಾಗಿದ್ದರೆ ಒಳ್ಳೆಯದಲ್ಲವೇ. ಪಲ್ಯಕ್ಕೆ ಉಪ್ಪು ಹೆಚ್ಚಾದರೆ ಅವನು ನೀರು ಕುಡಿದು ಏಳುತ್ತಿದ್ದ. ಅವನು ತಡವಾಗಿ ಬಂದರೆ ಅವಳು ತಾಟು ಮುಚ್ಚಿಟ್ಟು ಮಲಗುತ್ತಿದ್ದಳು.

ಊರೂ ಹಾಗೆಯೇ ಆಯಿತು. ವಿದ್ಯಾನಗರದಲ್ಲಿ 'ಶಾಂತ ಸವಾರಿ' ಎಂಬ ಹೆಸರಿನ ಕ್ಲಾಸುಗಳು ತೆರೆದವು. ಅಲ್ಲಿ ಗಂಡ ಹೆಂಡಿರನ್ನು ಅಕ್ಕಪಕ್ಕ ಕುರ್ಚಿಯಲ್ಲಿ ಕೂರಿಸಿ, ಒಬ್ಬರು ಹೇಳಿದ್ದು ಇನ್ನೊಬ್ಬರ ಕಿವಿಗೆ ಬಿದ್ದೂ ಬೀಳದ ಹಾಗೆ ಇರುವುದನ್ನು ಕಲಿಸುತ್ತಿದ್ದರು. ನಾಡಿ ಏರಿಸುವ ಅತ್ತೆಯರನ್ನು ಬಸ್ಸಿಗೆ ಹತ್ತಿಸಿ ಕಳಿಸುವುದು ಮರ್ಯಾದೆಗೆ ಕಡಿಮೆ ಅನಿಸದಂತಾಯಿತು. ಕನ್ಯಾ ನೋಡಲು ಹೋದವರು ಅವಲಕ್ಕಿ ತಿಂದಾದ ಮೇಲೆ ಹುಡುಗ ಹುಡುಗಿಯನ್ನು ಕಾರಿನಲ್ಲಿ ಒಂದು ಸುತ್ತು ಕಳಿಸುತ್ತಿದ್ದರು. ದೀಪ ಹತ್ತದೆ ವಾಪಸು ಬಂದರೆ ಹಿರಿಯರು, ಜೋಡಿ ಛಲೋ ಕೂಡಿತು ಎಂದು ತಲೆದೂಗುತ್ತಿದ್ದರು.

ಪ್ರಯೋಗಾಲಯದ ಗೋಡೆಯ ಮೇಲೆ ಹುಬ್ಬಳ್ಳಿ ಧಾರವಾಡದ ದೊಡ್ಡ ನಕಾಶೆಯಿತ್ತು. ಓಡುವ ಪ್ರತಿ ಕಾರೂ ಅದರ ಮೇಲೆ ಒಂದು ಚುಕ್ಕೆ. ಒಳಗೆ ದೀಪ ಹತ್ತಿದ್ದರೆ ಹಳದಿ, ಇಲ್ಲವಾದರೆ ಬೂದು. ಮೊದಲು ಸಂಜೆ ಹೊತ್ತಿಗೆ ಇಡೀ ನಕಾಶೆ ಅರಿಶಿಣ ಚೆಲ್ಲಿದ ಹಾಗೆ ಕಾಣುತ್ತಿತ್ತು. ಈಗ ಅಲ್ಲೊಂದು ಇಲ್ಲೊಂದು. ಗುತ್ತಲ ಸಾಹೇಬರು ಪೇಢೆ ತರಿಸಿ ಎಲ್ಲರಿಗೂ ಹಂಚಿದರು.

ಪೇಢೆಯನ್ನು ಕೈಯಲ್ಲೇ ಹಿಡಿದುಕೊಂಡು ಮಹಾನಂದಾ ಗೋಡೆ ನೋಡುತ್ತಿದ್ದಳು. "ಸರ್, ಈ ಬೂದು ಗಾಡ್ಯಾಗ ಒಬ್ರ ಹೊಂಟಾರೋ, ಮನಿ ಮಂದಿ ಎಲ್ಲಾ ಕೂತಾರೋ, ಹೆಂಗ ಗೊತ್ತಾಗಬೇಕು?"

"ನಿನ್ನ ಪದ್ಧತಿ ಪ್ರಕಾರ ಎರಡೂ ಒಂದ ಅಲ್ಲೇನು?" ಎಂದರು ಸಾಹೇಬರು. "ಅಪಘಾತ ಅರ್ಧಕ್ಕಿಂತ ಕಡಿಮಿ ಆಗ್ಯಾವು. ಮಂದಿ ಮನಿಗೆ ಜೀವಂತ ಮುಟ್ಟಾಕತ್ತಾರ. ಇನ್ನೇನು ಬೇಕವ್ವಾ?"

ಅದು ಸುಳ್ಳಲ್ಲ. ಪೇಢೆ ತಿಂದಳು. ಸಿಹಿಯಾಗಿತ್ತು ಅನ್ನುವುದು ಗೊತ್ತಾಯಿತು, ಅಷ್ಟೇ.

ಅವರ ಎಡಗಡೆ ಸೀಟಿನ ದೀಪ ಯಾವ ದಿನ ಆರಿತೆಂದು ಅವಳು ಗಮನಿಸಿರಲಿಲ್ಲ. ಮೊದಲು ಸಣ್ಣದಾಯಿತು, ಆಮೇಲೆ ಮಿಣುಕಿತು, ಆಮೇಲೆ ಯಾವಾಗಲೋ ಇರಲಿಲ್ಲ. ಗೊತ್ತಾದ ಮೇಲೆ ಅವಳಿಗೆ ಒಂದು ಚಟ ಹತ್ತಿತು. ಕಾರು ಹತ್ತಿದ ಕೂಡಲೆ ಪೆಟ್ಟಿಗೆಯ ಕಡೆ ನೋಡುವುದು, ಇಳಿಯುವವರೆಗೂ ಅದನ್ನೇ ನೋಡುವುದು. ಒಂದು ಸಲ ಹತ್ತಿದರೆ ಸಾಕಿತ್ತು. ರಿಯಾಯಿತಿ ಹಾಳಾಗಿ ಹೋಗಲಿ, ಒಮ್ಮೆ ಈ ಮನುಷ್ಯನ ನಾಡಿ ತನ್ನಿಂದಾಗಿ ಅಲುಗಾಡಿತು ಎಂದು ಕಂಡರೆ ಸಾಕು. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಶಿವಯೋಗಿಗಂತೂ ಹೇಳುವುದು ಸಾಧ್ಯವೇ ಇರಲಿಲ್ಲ, ಯಾಕೆಂದರೆ ಹೇಳಿ ಹತ್ತಿಸಿದ ದೀಪ ಲೆಕ್ಕಕ್ಕೆ ಬಾರದು.

ಹಳೆಯ ಕಾರು ಮಾರಿ ಹೊಸದು ತಂದರು. ಹೊಸ ಕಾರಿಗೆ ಬ್ಯಾಟರಿ ಉಳಿಸುವ ಬುದ್ಧಿ ಜಾಸ್ತಿ. ಅದು ಪೆಟ್ಟಿಗೆಯ ಮಾತು ಕೇಳಿ ನಡೆಯುತ್ತಿತ್ತು: ಬಹಳ ಹೊತ್ತು ದೀಪ ಹತ್ತದ ಸೀಟನ್ನು ಖಾಲಿಯೆಂದು ತಿಳಿದು, ಆ ಕಡೆಯ ತಂಪು ಗಾಳಿಯ ಕಿಂಡಿಯನ್ನು ಮುಚ್ಚಿಬಿಡುವುದು. ಊರೊಳಗಿನ ಸಣ್ಣ ಓಡಾಟದಲ್ಲಿ ಅದು ಯಾರ ಗಮನಕ್ಕೂ ಬಂದಿರಲಿಲ್ಲ.

ಬೇಸಿಗೆಯಲ್ಲಿ ವರ್ಷದ ಅಕ್ಕಿ ತರಲು ಗಂಗಾವತಿಗೆ ಹೋದರು. ಅಲ್ಲಿ ಮಹಾನಂದಾಳ ಅಕ್ಕ ಗೌರಮ್ಮನ ಮನೆ. ಬೆಳಿಗ್ಗೆ ತಣ್ಣಗಿತ್ತೆಂದು ಕಿಟಕಿ ತೆರೆದೇ ಹೋಗಿ ಮುಟ್ಟಿದರು. ಬಾಗಿಲಲ್ಲಿ ಕಾರು ನಿಂತರೂ ಗೌರಮ್ಮ ಹೊರಗೆ ಬರಲಿಲ್ಲ. ಮಹಾನಂದಾ ಅಡುಗೆಮನೆಯವರೆಗೂ ಹೋಗಿ ಕರೆದಾಗ ತಿರುಗಿ ನೋಡಿ ಬೆಚ್ಚಿದಳು.

"ಯವ್ವಾ, ಯಾವಾಗ ಬಂದಿರಿ? ಪ್ರತಿ ಸಲ ನೀವು ಓಣಿ ತುದಿಗೆ ಬಂದ್ರ ಇಲ್ಲಿಗೆ ಜಗಳ ಕೇಳ್ತಿತ್ತು. ಜಗಳ ಕೇಳಿದ ಮ್ಯಾಲನ ನಾನು ಚಹಾಕ್ಕ ಇಡ್ತಿದ್ದೆ."

"ಈಗ ಜಗಳ ಇಲ್ಲಕ್ಕಾ," ಎಂದಳು ಮಹಾನಂದಾ.

"ಯಾಕ, ಏನಾಗೇತಿ?"

"ಏನೂ ಆಗಿಲ್ಲ."

ಗೌರಮ್ಮ ತಂಗಿಯ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಚಹಾಕ್ಕೆ ನೀರಿಟ್ಟಳು.

ಊಟ ಮಾಡಿ, ಬಿಸಿಲು ಇಳಿಯುವ ಮೊದಲೇ ಹೊರಟರು. ಡಿಕ್ಕಿ ತುಂಬಿ ಉಳಿದ ಒಂದು ಚೀಲವನ್ನು ಹಿಂದಿನ ಸೀಟಿನ ಮೇಲೆ ನಿಲ್ಲಿಸಿದ್ದರು. ಅದರ ಬಾಯಿಯ ಹೊಲಿಗೆ ಸಡಿಲವಾಗಿತ್ತು. ಬಿಸಿಗಾಳಿ ಬಡಿಯುತ್ತದೆಂದು ಕಿಟಕಿ ಏರಿಸಿ ತಂಪು ಗಾಳಿ ಹಾಕಿದರು.

ಕೊಪ್ಪಳ ದಾಟಿದ ಮೇಲೆ ಮಹಾನಂದಾಳ ಮುಂದಿನ ಕಿಂಡಿ ಸಣ್ಣ ಸಪ್ಪಳ ಮಾಡಿ ಮುಚ್ಚಿಕೊಂಡಿತು. ಕೆಟ್ಟಿರಬೇಕೆಂದುಕೊಂಡಳು. ಕೈಯಿಂದ ಸರಿಸಿ ತೆರೆದಳು. ತುಸು ಹೊತ್ತಿಗೆ ಮತ್ತೆ ಮುಚ್ಚಿತು. ಆಗ ಅವಳಿಗೆ ಅರ್ಥವಾಯಿತು. ಆ ಲೆಕ್ಕ ಬರೆದವಳಿಗೆ ಬೇರೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ಆಮೇಲೆ ಪ್ರಯೋಗ ಮಾಡುವವರಂತೆ, ಪೆಟ್ಟಿಗೆಯ ಮೇಲೆ ಕಣ್ಣಿಟ್ಟು, ಒಪ್ಪಂದ ಮುರಿದಳು.

"ನಿಧಾನ," ಎಂದಳು.

"ಹೂಂ," ಎಂದ ಶಿವಯೋಗಿ. ವೇಗ ತಗ್ಗಿಸಿದ. ದೀಪ ಹತ್ತಲಿಲ್ಲ.

"ನಾ ನೌಕರಿ ಬಿಡಬೇಕಂತ ಮಾಡೀನಿ."

"ಹೂಂ. ನೋಡು."

ದೀಪ ಹತ್ತಲಿಲ್ಲ. ಆಮೇಲೆ ಅವಳು ತನಗೇ ಗೊತ್ತಿರದ ಒಂದು ಮಾತನ್ನು ಆಡಿದಳು.

"ನಿಮ್ಮನ್ನ ಬಿಟ್ಟು ಅಕ್ಕನ ಮನ್ಯಾಗ ಇದ್ದುಬಿಡಬೇಕಂತ ಅನಸಾಕತ್ತೇತಿ."

"ಹೌದಾ," ಎಂದ ಅವನು. ಮುಂದಿನ ಲಾರಿಯನ್ನು ನಿಧಾನವಾಗಿ ದಾಟಿ ಎಡಕ್ಕೆ ಬಂದ. "ಗಂಗಾವತಿಯೊಳಗ ಬಿಸಲು ಭಾಳ ಅಲ್ಲ?"

ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಸರವೂ ಇರಲಿಲ್ಲ. ಒಳ್ಳೆಯ ಮನುಷ್ಯನ ಮುಖ ಅದು, ಯಾವ ಅಪಘಾತಕ್ಕೂ ಸಿಗದ ಮುಖ. ಅವಳು ಸೀಟಿನ ಬೆಲ್ಟು ಬಿಚ್ಚಿದಳು. ಗಂಟೆ ಬಾರಿಸಲಿಲ್ಲ. ಖಾಲಿ ಸೀಟಿಗೆ ಗಂಟೆ ಯಾಕೆ ಬಾರಿಸಬೇಕು. ಮತ್ತೆ ಹಾಕಿಕೊಂಡಳು.

ಅಷ್ಟರಲ್ಲಿ ರಸ್ತೆ ಅಗೆದ ಜಾಗದಲ್ಲಿ ಕಾರು ಕುಲುಕಿತು. ಹಿಂದಿನ ಚೀಲ ವಾಲಿತು. ಶಿವಯೋಗಿಯ ಕಣ್ಣು ತಟ್ಟನೆ ಕನ್ನಡಿಗೆ ಹೋಯಿತು.

"ಏ ಏ, ಚೀಲ," ಎಂದ. "ಬಾಯಿ ಬಿಚ್ಚೇತೇನು ನೋಡು. ಹೊಸಾ ಸೀಟು ಅದು. ಹುಷಾರಾಗಿ ಹಿಡಕೋ."

ಅವನ ದನಿಯಲ್ಲಿ ಕಳವಳವಿತ್ತು. ಎಷ್ಟೋ ತಿಂಗಳಿಂದ ಅವಳು ಕೇಳದೆ ಇದ್ದ ದನಿ. ಪೆಟ್ಟಿಗೆಯ ಮೇಲೆ ಹಿಂದಿನ ಸೀಟಿನ ದೀಪ ಹಳದಿಯಾಗಿ ಹತ್ತಿ ಉರಿಯತೊಡಗಿತು. ಹಿಂದಿನ ಕಿಂಡಿ ತೆರೆದುಕೊಂಡು ಅಕ್ಕಿ ಚೀಲದ ಮೇಲೆ ತಂಪು ಗಾಳಿ ಬೀಸಿತು.

ಮಹಾನಂದಾ ಹಿಂದಕ್ಕೆ ಬಾಗಿ ಚೀಲವನ್ನು ನೆಟ್ಟಗೆ ಮಾಡಿ, ಅದರ ಬಾಯಿಯನ್ನು ಕೈಯಲ್ಲಿ ಹಿಡಿದುಕೊಂಡು ಹಾಗೆಯೇ ತಿರುಗಿ ಕೂತಳು. ದುಃಖವಾಗಬೇಕಿತ್ತು. ಇಂಥ ಹೊತ್ತಿನಲ್ಲಿ ಹೆಂಗಸರಿಗೆ ಅಳು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಕಾದಳು. ಬರಲಿಲ್ಲ. ಬಾಯಾರಿಕೆ ಮಾತ್ರ ಆಗಿತ್ತು.

ಗದಗಿನ ಹತ್ತಿರ ಚಹಾದಂಗಡಿಯ ಮುಂದೆ ನಿಲ್ಲಿಸಿದರು. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಮಿರ್ಚಿ ಭಜಿ ತಿಂದು, ಚಹಾ ಕುಡಿದು, ಶಿವಯೋಗಿ ಚೀಲದ ಬಾಯಿಗೆ ಸುತಳಿ ಬಿಗಿದು ಸೀಟಿನ ಮೂಲೆಗೆ ಒತ್ತಿ ನಿಲ್ಲಿಸಿದ. ಕೈ ಝಾಡಿಸಿಕೊಳ್ಳುತ್ತ, "ಈ ಸಲ ಪೂರ್ತಿ ರಿಯಾಯಿತಿ ಸಿಗಬೇಕಿತ್ತು. ಈ ಚೀಲ ಒಂದು ಕೆಡಿಸ್ತು," ಎಂದ.

"ಇಲ್ಲಿಂದ ಮುಂದ ನಾ ಹೊಡಿತೀನಿ," ಎಂದಳು ಮಹಾನಂದಾ. "ನೀವು ಎಡಕ್ಕ ಕುಂಡ್ರರಿ."

ಅವನು ಯಾಕೆ ಎಂದು ಕೇಳಲಿಲ್ಲ. ಕೀಲಿ ಕೊಟ್ಟ.

ಸ್ಟೇರಿಂಗ್ ಹಿಡಿದಾಗ ಅವಳಿಗೆ ಒಂದು ಬಗೆಯ ಧೈರ್ಯ ಬಂದಿತ್ತು. ತನ್ನ ದೀಪ ಆರಿರಬಹುದು. ಅವನ ದೀಪ ಆರಿರಲಿಕ್ಕಿಲ್ಲ. ಇಷ್ಟು ದಿನ ಒಂದು ಚುಕ್ಕೆ ಬೆಳಕಿಗಾಗಿ ಕಾದು ಕೂತವಳು ತಾನು, ಚೀಲಕ್ಕಿಂತ ಕಡೆಯಾದವಳು ತಾನು. ಆ ಮನುಷ್ಯ ಪಕ್ಕದಲ್ಲೇ ಬಂದು ಕೂತರೆ ತನ್ನ ಅಂಗೈ ಸುಮ್ಮನಿದ್ದೀತೇ? ಎಡಗಡೆ ಸೀಟಿನ ದೀಪ ಹತ್ತುತ್ತದೆ, ಅದನ್ನು ಅವನಿಗೆ ತೋರಿಸಬೇಕು. ನೋಡ್ರಿ, ಇದು ನೀವು, ನನ್ನ ಲೆಕ್ಕದಾಗ ನೀವು ಇನ್ನೂ ಇದ್ದೀರಿ ಎನ್ನಬೇಕು. ಆಮೇಲೆ ಬೇಕಿದ್ದರೆ ಜಗಳ ಶುರುಮಾಡಬಹುದು.

ಗದಗ ದಾಟಿತು. ಶಿವಯೋಗಿ ಕೆಮ್ಮಿದ. ಕಾಲು ಚಾಚಿದ. ಅಂಗಡಿಗೆ ಬರಬೇಕಾದ ಪೈಪುಗಳ ಬಗ್ಗೆ ಏನೋ ಒಂದು ಹೇಳಿದ. ಎದುರಿನಿಂದ ಬಸ್ಸೊಂದು ರಭಸದಿಂದ ಬಂದಾಗ, ಮೊದಲು ಅವಳು ಮಾಡುತ್ತಿದ್ದಂತೆ, ಬ್ರೇಕು ಇಲ್ಲದ ಕಡೆ ಅವನ ಕಾಲು ಒತ್ತಿತು. ಪ್ರತಿ ಸಲವೂ ಅವಳು ಪೆಟ್ಟಿಗೆಯ ಕಡೆ ನೋಡಿದಳು.

ಎಡಗಡೆ ಸೀಟಿನ ದೀಪ ಕಪ್ಪಗಿತ್ತು. ಹಿಂದಿನದೂ ಕಪ್ಪಗಿತ್ತು. ಯಂತ್ರದ ಲೆಕ್ಕದಲ್ಲಿ ಆ ಕಾರಿನೊಳಗೆ ಅವಳೊಬ್ಬಳೇ ಇದ್ದಳು.

ಸ್ಟೇರಿಂಗಿನಿಂದ ಒಂದು ಕೈ ತೆಗೆದು ಅಂಗೈ ನೋಡಿಕೊಂಡಳು. ಒಣಗಿತ್ತು. ತಂತಿ ಸಡಿಲವಾಗಿರಬಹುದು ಎಂದು ಅಂದುಕೊಳ್ಳಲು ನೋಡಿದಳು, ಆಗಲಿಲ್ಲ. ಅವನನ್ನು ದೂರುವುದಕ್ಕಾದರೂ ಒಂದು ಕಾರಣ ತನ್ನ ಬಳಿ ಉಳಿದಿತ್ತು. ಈಗ ಅದೂ ಹೋಗಿತ್ತು.

ಅಣ್ಣಿಗೇರಿ ಬರುವ ಹೊತ್ತಿಗೆ ಶಿವಯೋಗಿಯ ಮುಂದಿನ ಕಿಂಡಿ ಸಣ್ಣ ಸಪ್ಪಳ ಮಾಡಿ ಮುಚ್ಚಿಕೊಂಡಿತು. ಅವನ ಹಣೆಯಲ್ಲಿ ಬೆವರು ಮೂಡಿತು. ಕರವಸ್ತ್ರ ತೆಗೆದು ಒರೆಸಿಕೊಂಡ. ಅದು ಯಾಕೆ ಮುಚ್ಚುತ್ತದೆಂದು ಅವನಿಗೆ ಗೊತ್ತಿತ್ತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಗದಗಿಗೆ ಬರುವ ಮುಂಚೆ ತಾನು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡದ್ದನ್ನು ಅವನು ನೋಡಿದ್ದನೋ ಇಲ್ಲವೋ, ಅದೂ ತಿಳಿಯಲಿಲ್ಲ.

ಮಹಾನಂದಾ ಎಡಗೈ ಚಾಚಿ ಅವನ ಕಿಂಡಿಯನ್ನು ಸರಿಸಿ ತೆರೆದಳು. ಅವನ ಮುಖಕ್ಕೆ ಗಾಳಿ ಬಡಿಯಿತು. ತುಸು ಹೊತ್ತಿಗೆ ಅದು ಮುಚ್ಚಿಕೊಂಡಿತು. ಅವಳು ಮತ್ತೆ ತೆರೆದಳು. ಪ್ರೀತಿಯೆಂದಲ್ಲ, ಅಂಥದೇನೂ ಅವಳಿಗೆ ಅನಿಸುತ್ತಿರಲಿಲ್ಲ. ಪಕ್ಕದಲ್ಲಿ ಮನುಷ್ಯ ಕೂತಿದ್ದಾನೆ, ಅವನಿಗೆ ಸೆಖೆಯಾಗುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಹುಬ್ಬಳ್ಳಿ ಬರುವವರೆಗೂ ಅದು ಮುಚ್ಚುತ್ತಲೇ ಇತ್ತು, ಅವಳು ತೆರೆಯುತ್ತಲೇ ಇದ್ದಳು.